ಹೊರ ಊರಿನ ಪಂದ್ಯಕ್ಕೆ ಹೋದ ಅಭಿಮಾನಿಗಳನ್ನು ಪೊಲೀಸರು ಹೀಗೆ ತಡೆದು ನಿಲ್ಲಿಸಬಹುದೇ?

ಸಂಚಾರಿ:

ಮಾನ್ಯರೇ, ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಟ ನೋಡುತ್ತ ಬೆಳೆದ ನಾನು ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿನ ನಮ್ಮೂರ ತಂಡ ಬೇರೆ ಊರಿಗೆ ಆಡಲು ಹೋದಾಗ ವರ್ಷಕ್ಕೆ ನಾಲ್ಕೈದು ಸಲ ನಾನೂ ಹದಿನಾಲ್ಕು ವರ್ಷದ ನನ್ನ ಮಗಳೂ ರೈಲು ಹತ್ತುತ್ತೇವೆ. ಎರಡು ವಾರಗಳ ಹಿಂದಿನ ಶನಿವಾರ ಪಂದ್ಯ ಮುಗಿದು ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದಾಗ, ಪೊಲೀಸರು ನಮ್ಮ ಕಡೆಯ ಸುಮಾರು ಇನ್ನೂರು ಮಂದಿಯನ್ನು ಒಂದು ಗೋದಾಮಿನ ಗೋಡೆಯ ಪಕ್ಕಕ್ಕೆ ಸರಿಸಿ, ಮೂರು ಕಡೆ ಸಾಲುಗಟ್ಟಿ ನಿಂತು, ಐವತ್ತು ನಿಮಿಷ ಅಲುಗಾಡಲು ಬಿಡಲಿಲ್ಲ. ಮುಂದೆಲ್ಲೋ ಹತ್ತು ಹದಿನೈದು ಹುಡುಗರು ಆ ಊರಿನವರ ಜೊತೆ ಕೈಕೈ ಮಿಲಾಯಿಸಿದ್ದರಂತೆ. ನಮ್ಮ ಕಣ್ಣಿಗಂತೂ ಬೀಳಲಿಲ್ಲ. ಮಗಳು ಶೌಚಾಲಯಕ್ಕೆ ಹೋಗಬೇಕೆಂದಾಗ, ಎಲ್ಲರೂ ಹೇಳುವುದು ಅದನ್ನೇ ಎಂಬ ಉತ್ತರ ಬಂತು. ಬಿಡುವಾಗ ಒಬ್ಬೊಬ್ಬರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ, ಹೆಸರು, ವಿಳಾಸ ಹೇಳಿದವರಿಗೆ ಮಾತ್ರ ದಾರಿ ಕೊಟ್ಟರು. ಅವರಿಗೆ ಅರ್ಥವಾಗದ ಕಾರಣ ಮಗಳು ತನ್ನ ಹೆಸರನ್ನು ಎರಡು ಸಲ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕಾಯಿತು.

ಪೊಲೀಸರಿಗೆ ಈ ಅಧಿಕಾರ ಎಲ್ಲಿಂದ ಬರುತ್ತದೆ? ದೂರು ಕೊಟ್ಟು ಪ್ರಯೋಜನ ಉಂಟೇ?

ಕಟಕಟೆ:

ತಡೆದು ನಿಲ್ಲಿಸಿದ್ದು ಒಂದು ವಿಷಯ, ಹೆಸರು ಕೇಳಿದ್ದು ಇನ್ನೊಂದು. ದೂರಿನಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ, ಏಕೆಂದರೆ ಮೊದಲನೆಯದರಲ್ಲಿ ನಿಮ್ಮ ಪಕ್ಷ ದುರ್ಬಲ, ಎರಡನೆಯದರಲ್ಲಿ ಬಲು ಗಟ್ಟಿ.

ಇಲ್ಲಿನವರು ಕೆಟ್ಲಿಂಗ್ ಎನ್ನುವ ಈ ಕ್ರಮಕ್ಕೆ ಪ್ರತ್ಯೇಕ ಕಾಯ್ದೆಯೇನೂ ಇಲ್ಲ. ಶಾಂತಿಭಂಗ ಇನ್ನೇನು ಆಗಿಯೇಬಿಡುತ್ತದೆ ಎನ್ನುವಂಥ ಸ್ಥಿತಿಯಲ್ಲಿ, ಬೇರೆ ದಾರಿ ಉಳಿಯದಿದ್ದಾಗ, ಅಗತ್ಯವಿರುವಷ್ಟು ಹೊತ್ತು ಜನರನ್ನು ತಡೆಯಬಹುದೆಂಬ ಹಳೆಯ ಸಾಮಾನ್ಯ ಕಾನೂನಿನ, ಅಂದರೆ ನ್ಯಾಯಾಲಯಗಳ ತೀರ್ಪುಗಳಿಂದಲೇ ಬೆಳೆದುಬಂದ ಕಾನೂನಿನ, ತತ್ತ್ವವೇ ಇದಕ್ಕೆ ಆಧಾರ. 2001ರ ಮೇ ದಿನದಂದು ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಜನರನ್ನು ಗಂಟೆಗಟ್ಟಲೆ ಹಿಡಿದಿಟ್ಟ ಪ್ರಕರಣದಲ್ಲಿ 2009ರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಎರಡೂ ಪೊಲೀಸರ ಪರವಾಗಿಯೇ ತೀರ್ಪು ಕೊಟ್ಟವು. ಐವತ್ತು ನಿಮಿಷವನ್ನು ಹಿಡಿದುಕೊಂಡು ಹೋರಾಡುವುದು ಕಷ್ಟ.

ಆದರೆ ಬಿಡುಗಡೆಗೆ ಷರತ್ತಾಗಿ ಹೆಸರು, ವಿಳಾಸ ಕೇಳುವುದಕ್ಕೂ ಚಿತ್ರೀಕರಣಕ್ಕೆ ಒಳಗಾಗಲೇಬೇಕು ಎನ್ನುವುದಕ್ಕೂ ಪೊಲೀಸರಿಗೆ ಅಧಿಕಾರವಿಲ್ಲವೆಂದು 2013ರಲ್ಲಿ ಹೈಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದು ಫುಟ್‌ಬಾಲ್ ಪ್ರಕರಣವಲ್ಲ, ಕಾರ್ಮಿಕ ಸಂಘಗಳ ಮೆರವಣಿಗೆಯ ಪ್ರಕರಣ. ತತ್ತ್ವ ಮಾತ್ರ ಅದೇ. ಸಮಾಜಘಾತಕ ವರ್ತನೆಯ ಅನುಮಾನವಿರುವ ವ್ಯಕ್ತಿಯ ಹೆಸರು ಕೇಳಲು 2002ರ ಕಾಯ್ದೆಯಲ್ಲಿ ಅವಕಾಶವಿದೆ ನಿಜ, ಆದರೆ ಇನ್ನೂರು ಜನರ ಮೇಲೂ, ಒಬ್ಬ ಬಾಲಕಿಯ ಮೇಲೂ, ಆ ಅನುಮಾನವಿತ್ತು ಎಂದು ಅವರು ಹೇಗೆ ತೋರಿಸುತ್ತಾರೆ?

ಒಂದು ಮಾತು ಬೇಗ ಹೇಳಿಬಿಡುತ್ತೇನೆ. ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ದೃಶ್ಯಗಳನ್ನು, ಸಾಕ್ಷ್ಯವೆಂದು ಗುರುತಿಸದಿದ್ದರೆ, ಸಾಮಾನ್ಯವಾಗಿ 31 ದಿನಗಳಲ್ಲಿ ಅಳಿಸಲಾಗುತ್ತದೆ. ನಿಮಗೆ ಉಳಿದಿರುವುದು ಎರಡು ವಾರ ಮಾತ್ರ. ದಿನಾಂಕ, ಸಮಯ, ಸ್ಥಳ ಬರೆದು, ನಿಮ್ಮ ದೃಶ್ಯಗಳನ್ನು ಉಳಿಸಿ ಪ್ರತಿ ಕೊಡಬೇಕೆಂದು ಇಂದೇ ಮಿಂಚಂಚೆ ಕಳಿಸಿ. ದೂರು ಆಮೇಲೆ ಬರೆಯಬಹುದು.

ಹಳೇ ಗ್ಯಾಲರಿ:

ಮೂವತ್ತು ವರ್ಷಗಳಿಂದ ಹೊರ ಊರಿನ ಪಂದ್ಯಗಳಿಗೆ ಹೋಗುತ್ತಿರುವ ನನಗೆ ನಿಮ್ಮ ಅನುಭವ ಹೊಸದೆನಿಸಲಿಲ್ಲ. 2008ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯಕ್ಕೆ ಹೊರಟಿದ್ದ ಸ್ಟೋಕ್ ಸಿಟಿಯ ಸುಮಾರು ಎಂಬತ್ತು ಅಭಿಮಾನಿಗಳು ಇರ್ಲಮ್ ಎಂಬಲ್ಲಿನ ಪಬ್ಬೊಂದರಲ್ಲಿ ಕುಳಿತಿದ್ದರು. ಗಲಾಟೆಯಿರಲಿಲ್ಲ. ಆದರೂ ಪೊಲೀಸರು ಬಾಗಿಲಲ್ಲಿ ನಿಂತು, ಜನರನ್ನು ಒಂದು ಜಾಗ ಬಿಟ್ಟು ಹೋಗುವಂತೆ ಆದೇಶಿಸಲು ಅಂದು ಜಾರಿಯಲ್ಲಿದ್ದ 2006ರ ಕಾಯ್ದೆಯ 27ನೇ ಸೆಕ್ಷನ್ನಿನಡಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ, ಆಟ ನೋಡಲು ಬಿಡದೆ ಸ್ಟೋಕ್‌ಗೆ ವಾಪಸು ಕಳಿಸಿದರು. ಬಸ್ಸಿನಲ್ಲಿ ಲೋಟಗಳಲ್ಲಿ ಮೂತ್ರ ಮಾಡಬೇಕಾಗಿ ಬಂದವರಿದ್ದರು. ಕೊನೆಗೆ ಪೊಲೀಸರು ಕ್ಷಮೆ ಕೇಳಿ ಪರಿಹಾರ ಕೊಟ್ಟರು. ಹಾಗಾಗಿ ದೂರಿನಿಂದ ಪ್ರಯೋಜನವಿಲ್ಲ ಎನ್ನಲಾರೆ. ಈಗ ಅದರ ಜಾಗದಲ್ಲಿರುವ 2014ರ ಕಾಯ್ದೆಯ 35ನೇ ಸೆಕ್ಷನ್ನಿಗೆ ಇನ್‌ಸ್ಪೆಕ್ಟರ್ ದರ್ಜೆಯ ಅಥವಾ ಮೇಲಿನ ಅಧಿಕಾರಿಯ ಅನುಮತಿ ಬೇಕು, ಸಾಧ್ಯವಿದ್ದಲ್ಲೆಲ್ಲ ಆದೇಶ ಬರಹದಲ್ಲಿರಬೇಕು.

ನನ್ನನ್ನು ಕಾಡುವುದು ಕಾನೂನಿಗಿಂತ ಹೆಚ್ಚಾಗಿ ಆ ನೋಟ. ದೂರದಿಂದ ಬಂದವರೆಲ್ಲ ಒಂದೇ ಜಾತಿ, ಅದೂ ಪುಂಡರ ಜಾತಿ ಎಂದು ಮೊದಲೇ ತೀರ್ಮಾನಿಸಿಕೊಂಡರೆ, ಜನ ನುಜ್ಜುಗುಜ್ಜಾಗುತ್ತಿರುವುದೂ ದೊಂಬಿಯಂತೆಯೇ ಕಾಣುತ್ತದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಆದದ್ದು ಇದೇ. ಹೊರಗಿನ ನೂಕುನುಗ್ಗಲು ತಗ್ಗಿಸಲು ಪೊಲೀಸರೇ ಗೇಟು ತೆರೆಸಿದರು. ಆಗಲೇ ತುಂಬಿದ್ದ ನಡುವಣ ಆವರಣಗಳಿಗೆ ಹೋಗುವ ಸುರಂಗವನ್ನು ಮುಚ್ಚಿಸಲಿಲ್ಲ. ಆಮೇಲೆ ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಹೇಳಿದರು. ಲಿವರ್‌ಪೂಲ್‌ನ 97 ಮಂದಿ ಸತ್ತರು. ಅಭಿಮಾನಿಗಳ ತಪ್ಪಿರಲಿಲ್ಲವೆಂದು ತೀರ್ಪುಗಾರರು ಹೇಳಿದ್ದು 2016ರಲ್ಲಿ. ಇಷ್ಟಾದ ಮೇಲೂ 2022ರ ಮೇ 28ರಂದು ಪ್ಯಾರಿಸ್ಸಿನಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್ಲಿಗೆ ಟಿಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದ ಅದೇ ಲಿವರ್‌ಪೂಲ್ ಅಭಿಮಾನಿಗಳ ಮೇಲೆ ಅಶ್ರುವಾಯು ಬಿತ್ತು, ಮಂತ್ರಿಗಳು ನಕಲಿ ಟಿಕೆಟ್ಟಿನ ಕಥೆ ಹೇಳಿದರು. ಕ್ರೀಡಾಂಗಣದ ಕ್ಯಾಮೆರಾ ದೃಶ್ಯಗಳು ಏಳು ದಿನಕ್ಕೇ ಅಳಿಸಿಹೋಗಿದ್ದವು. ಕಟಕಟೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಠಾಣೆಮನೆ:

ನನ್ನ ತಂದೆ ಮೈಸೂರಿನಲ್ಲಿ ಪೇದೆಯಾಗಿದ್ದರು, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಮನ್ನಿಸಿ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಮುನ್ನುಗ್ಗಿದ್ದರಿಂದಲೇ 39 ಮಂದಿ ಸತ್ತರು. ಭಯಕ್ಕೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. ಹಣದ ಪ್ರಶ್ನೆಯೂ ಇದೆ. ಕ್ಲಬ್ಬಿನ ಒಡೆತನ ಅಥವಾ ಹತೋಟಿಯಲ್ಲಿಲ್ಲದ ಬೀದಿಗಳ ಬಂದೋಬಸ್ತಿಗೆ ಕ್ಲಬ್ಬಿನಿಂದ ಶುಲ್ಕ ವಸೂಲಿ ಮಾಡುವಂತಿಲ್ಲವೆಂದು ಲೀಡ್ಸ್ ಯುನೈಟೆಡ್ ಪ್ರಕರಣದಲ್ಲಿ 2013ರಲ್ಲಿ ತೀರ್ಪಾಗಿದೆ. ನಿಮ್ಮನ್ನು ತಡೆದದ್ದು ಅಂಥದೇ ಬೀದಿಯಲ್ಲಿ. ಸಿಬ್ಬಂದಿ ಕಡಿಮೆಯಿದ್ದಾಗ ಹತ್ತು ಮಂದಿಯನ್ನು ಹುಡುಕುವುದಕ್ಕಿಂತ ಇನ್ನೂರು ಮಂದಿಯನ್ನು ನಿಲ್ಲಿಸುವುದೇ ಸುಲಭವಾಗಿ ಕಂಡಿರಬೇಕು. ಹುಡುಗಿಗೆ ಕೊಟ್ಟ ಉತ್ತರವನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ.

ಹಳೇ ಗ್ಯಾಲರಿ:

ಸುಲಭ ನಿಜ, ಅಗ್ಗವಲ್ಲ. 2004ರ ಯುರೋ ಕಪ್‌ನಲ್ಲಿ ಪೋರ್ಚುಗಲ್‌ನ ನಗರ ಪೊಲೀಸರು ಗಲಭೆ ನಿಗ್ರಹದ ಪಡೆಗಳನ್ನು ಕಣ್ಣಿಗೆ ಬೀಳದಂತೆ ಹಿಂದೆ ನಿಲ್ಲಿಸಿ, ಸಾಮಾನ್ಯ ಸಮವಸ್ತ್ರದಲ್ಲಿ ಇಬ್ಬಿಬ್ಬರಾಗಿ ಅಭಿಮಾನಿಗಳ ನಡುವೆ ಓಡಾಡಿ ಮಾತನಾಡಿಸಿದರು, ಅತಿರೇಕಕ್ಕೆ ಹೋದವನನ್ನಷ್ಟೇ ಹಿಡಿದರು. ಇಂಗ್ಲೆಂಡ್ ಆಡಿದ ಊರುಗಳು ಶಾಂತವಾಗಿದ್ದವು. ಗಲಭೆಯಾದದ್ದು ಬೇರೆ ಪಡೆಯ ಹೊಣೆಯಲ್ಲಿದ್ದ, ಪಂದ್ಯವೇ ಇಲ್ಲದ ಅಲ್ಬುಫೇರಾದಲ್ಲಿ.

ಸಂಚಾರಿ:

ಎಲ್ಲರಿಗೂ ಧನ್ಯವಾದ. ದೃಶ್ಯಗಳನ್ನು ಉಳಿಸಬೇಕೆಂಬ ಪತ್ರವನ್ನು ಈಗಷ್ಟೇ ಕಳಿಸಿದೆ. ದೂರಿನಲ್ಲಿ ಹೆಸರಿನ ವಿಷಯವನ್ನೇ ಮುಂದಿಡುತ್ತೇನೆ. ಮಗಳೂ ತನ್ನದೇ ಹೇಳಿಕೆ ಬರೆದಿದ್ದಾಳೆ, ಎರಡು ಪುಟ. ಅಪ್ರಾಪ್ತಳ ಹೇಳಿಕೆಯನ್ನು ಪ್ರತ್ಯೇಕವಾಗಿ ಕಳಿಸಬೇಕೇ, ನನ್ನದರ ಜೊತೆಗೇ ಲಗತ್ತಿಸಿದರೆ ಸಾಕೇ ಎಂಬುದನ್ನು ಕಟಕಟೆಯವರು ತಿಳಿಸಿದರೆ ಉಪಕಾರವಾಗುತ್ತದೆ.