ಓದದೇ ಉಳಿದ ಸುದ್ದಿಗಳು

"ಆನೆಯ ಬಗ್ಗೆ ಒಂದೇ ಒಂದು ಸುದ್ದಿಯನ್ನು ಓದಿದ ತಪ್ಪಿಗೆ ನನ್ನ ಫೋನು ನನ್ನನ್ನು ಮಾವುತನೆಂದೇ ತೀರ್ಮಾನಿಸಿಬಿಟ್ಟಿದೆ" ಎಂದು ಸಕಲೇಶಪುರದ ಕಡೆಯ ನಮ್ಮ ಪ್ಲಾಂಟರು ದೂರಿದರು. ಹಿಂಡು ಯಾವ ತೋಟದ ಕಡೆಗೆ ಇಳಿದಿದೆ ಎಂದು ತಿಳಿಯಲು ಅವರು ಆ ಸುದ್ದಿಯನ್ನು ತೆರೆದಿದ್ದರಂತೆ. ಅಂದಿನಿಂದ ಥಾಯ್ಲೆಂಡಿನ ಆನೆಗಳ ಸ್ನಾನ, ಆಫ್ರಿಕಾದ ಆನೆಗಳ ದಾಂಪತ್ಯ, ಹಿತ್ತಾಳೆಯ ಆನೆಗಳ ಮೇಲಿನ ರಿಯಾಯಿತಿ, ಇವೆಲ್ಲವೂ ಬೆಳಗಾಗುವ ಮೊದಲೇ ಬಂದು ನಿಲ್ಲುತ್ತವೆಯೇ ಹೊರತು ಕಾಫಿ ಮತ್ತು ಮೆಣಸಿನ ಧಾರಣೆಯ ಸುದ್ದಿ ಮಾತ್ರ ಸುಳಿಯುವುದಿಲ್ಲ.

ಹಾಸನದ ಕೆ.ಆರ್. ಪುರಂನಲ್ಲಿರುವ ಮೇಡಂ ಅವರ ಮನೆಯ ಜಗಲಿಯಲ್ಲಿ ಇಂಥ ದೂರುಗಳಿಗೆ ಬರವಿಲ್ಲ. ಮೇಡಂ ಬ್ಯಾಂಕಿನಿಂದ ನಿವೃತ್ತರಾದವರು. ಯಾವ ವಿಷಯವನ್ನೇ ಆಗಲಿ, ಚಲನ್ ತುಂಬಲು ಬಾರದ ಗ್ರಾಹಕನಿಗೆ ಹೇಳಿಕೊಡುವ ಸಹನೆಯಲ್ಲೇ ವಿವರಿಸುತ್ತಾರೆ. ಅವರು ಲ್ಯಾಪ್‌ಟಾಪನ್ನು ನಮ್ಮತ್ತ ತಿರುಗಿಸಿ, ವಿವಾಲ್ಡಿ ಎಂಬ ಬ್ರೌಸರಿನ ಪಕ್ಕದ ಪಟ್ಟಿಯಲ್ಲಿದ್ದ ಫೀಡ್ ರೀಡರನ್ನು, ಅಂದರೆ ತಾಣಗಳು ತಮ್ಮ ಹೊಸ ಬರಹಗಳನ್ನು ಪಟ್ಟಿ ಮಾಡಿಡುವ 'ಫೀಡ್' ಎಂಬ ಕಡತಗಳನ್ನು ಓದಿ ತೋರಿಸುವ ಸೌಲಭ್ಯವನ್ನು, ತೋರಿಸಿದರು. ನಾವು ಆರಿಸಿದ ತಾಣಗಳು ಮಾತ್ರ ಅಲ್ಲಿದ್ದವು. ಹೊಸತು ಮೇಲೆ, ಹಳತು ಕೆಳಗೆ, ನಡುವೆ ಒಂದೂ ಆನೆ ಇಲ್ಲ.

"ನನ್ನ ಬ್ರೌಸರೂ ಇದೇ ವಿವಾಲ್ಡಿ, ಆದರೆ ಈ ಪಟ್ಟಿ ಎಲ್ಲಿಯೂ ಇಲ್ಲವಲ್ಲ" ಎಂದು ವಕೀಲರು ಆಕ್ಷೇಪಿಸಿದರು. ಸೆಟ್ಟಿಂಗ್ಸ್‌ನ ಜನರಲ್ ವಿಭಾಗಕ್ಕೆ ಹೋಗಿ, ಮೇಲ್, ಕ್ಯಾಲೆಂಡರ್ ಮತ್ತು ಫೀಡ್‌ಗಳ ಸೌಲಭ್ಯವನ್ನು ಸಕ್ರಿಯಗೊಳಿಸಿ, ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆದರೆ ಕಾಣಿಸಿಕೊಳ್ಳುತ್ತದೆ ಎಂದು ಮೇಡಂ ಹೇಳಿದರು. ಆ ಬಳಿಕ ಫೀಡ್ ಇರುವ ತಾಣಕ್ಕೆ ಹೋದಾಗ ವಿಳಾಸದ ಪಟ್ಟಿಯಲ್ಲಿ ಪುಟ್ಟ ಚಿಹ್ನೆಯೊಂದು ಮೂಡುತ್ತದೆ; ಒತ್ತಿದರೆ ಮೊದಲು ಮುನ್ನೋಟ, ಒಪ್ಪಿಗೆಯಾದರೆ ಚಂದಾ. ಚಂದಾ ಎಂದ ಕೂಡಲೇ ಜೇಬನ್ನು ಮುಟ್ಟಿ ನೋಡಿಕೊಂಡ ಪ್ಲಾಂಟರಿಗೆ ಹಣವನ್ನಾಗಲಿ ಹೆಸರನ್ನಾಗಲಿ ಇ-ಮೇಲನ್ನಾಗಲಿ ಕೊಡಬೇಕಿಲ್ಲ ಎಂಬ ಭರವಸೆಯೂ ದೊರೆಯಿತು.

ವಕೀಲರು ದಾಖಲೆಯನ್ನು ಕಣ್ಣಾರೆ ನೋಡದೆ ಏನನ್ನೂ ನಂಬುವವರಲ್ಲ. ಅವರು ಅದೇ ಫೀಡಿನ ವಿಳಾಸವನ್ನು ಕ್ರೋಮ್ ಬ್ರೌಸರಿನಲ್ಲಿ ತೆರೆದಾಗ < > ಎಂಬ ಕೋನಾವರಣಗಳ ಕಾಡು ಎದುರಾಯಿತು. ತಲೆಯಲ್ಲೇ, ಈ ಕಡತಕ್ಕೆ ಶೈಲಿಯ ಮಾಹಿತಿ ಯಾವುದೂ ಇದ್ದಂತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲಿತ್ತು. "ಇಷ್ಟು ಪ್ರಾಮಾಣಿಕವಾದ ಮುನ್ನುಡಿಯನ್ನು ನಮ್ಮ ಜಿಲ್ಲೆಯ ಯಾವ ಲೇಖಕರೂ ಬರೆದಿಲ್ಲ" ಎಂದು ಅವರು ಮೆಚ್ಚಿದರು. ಕೆಳಗೆ ಪ್ರತಿ ಬರಹಕ್ಕೂ ಒಂದೊಂದು 'ಐಟಂ', ಅದರೊಳಗೆ ಶೀರ್ಷಿಕೆ, ಕೊಂಡಿ, ಸಾರಾಂಶ, ಪ್ರಕಟಣೆಯ ದಿನಾಂಕ, ದಿನಾಂಕದ ಬಾಲದಲ್ಲಿ ನಮ್ಮ ದೇಶದ ಗಡಿಯಾರವನ್ನು ಸೂಚಿಸುವ +0530. ಬ್ರೌಸರು ಆಗಾಗ ಹೋಗಿ ಈ ಕಡತವನ್ನು ಕೇಳುತ್ತದೆ; ಹೊಸದೇನೂ ಇಲ್ಲದಿದ್ದರೆ ಸರ್ವರು 304 ಎಂಬ ಸಂಖ್ಯೆಯನ್ನಷ್ಟೇ ಹೇಳಿ ಕಳುಹಿಸಬಹುದು. ಇಡೀ ವ್ಯವಸ್ಥೆ ಇಷ್ಟೇ. ನಡುವೆ ಕುಳಿತು ನಮ್ಮ ಅಭಿರುಚಿಯನ್ನು ಊಹಿಸುವ ಮಹಾನುಭಾವರು ಇಲ್ಲಿ ಯಾರೂ ಇಲ್ಲ.

"ಇಷ್ಟು ಒಳ್ಳೆಯದಾಗಿದ್ದರೆ ಎಲ್ಲ ಬ್ರೌಸರುಗಳಲ್ಲೂ ಏಕಿಲ್ಲ?" ಎಂದು ಪ್ಲಾಂಟರು ಕೇಳಿದ್ದೇ ತಡ, ಮೇಷ್ಟ್ರು ಕನ್ನಡಕವನ್ನು ಸರಿಪಡಿಸಿಕೊಂಡರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತಿದ್ದ ಅವರಿಗೆ ಈಗ ಅಳಿದುಹೋದ ಸಾಫ್ಟ್‌ವೇರುಗಳ ತಿಥಿಗಳೆಲ್ಲ ಬಾಯಿಪಾಠ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯವರು ತಮ್ಮ ಮುಖಪುಟಕ್ಕೆ ಬೇರೆ ತಾಣಗಳ ಶೀರ್ಷಿಕೆಗಳನ್ನು ತರಲೆಂದು ಆರಂಭಿಸಿದ ಆರ್‌ಎಸ್‌ಎಸ್ ಎಂಬ ಈ ಫೀಡ್ ಪದ್ಧತಿ, 2004ರ ಫೈರ್‌ಫಾಕ್ಸ್ 1.0ರಲ್ಲಿ ಲೈವ್ ಬುಕ್‌ಮಾರ್ಕ್ ಎಂಬ ಹೆಸರಿನಿಂದ, 2005ರಲ್ಲಿ ಸಫಾರಿಯಲ್ಲಿ, 2006ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಲ್ಲಿ ಮನೆಮಾಡಿ, ಕಿತ್ತಳೆ ಬಣ್ಣದ ಚೌಕದೊಳಗಿನ ಆ ಬಿಳಿಯ ಅಲೆಗಳ ಚಿಹ್ನೆಯೊಂದಿಗೆ ಕೆಲಕಾಲ ರಾಜನಂತೆ ಮೆರೆಯಿತು ಎಂದು ಅವರು ಉಸಿರು ಬಿಡದೆ ಹೇಳಿದರು. ಅನಂತರ 2012ರಲ್ಲಿ ಸಫಾರಿ ಅದನ್ನು ಕೈಬಿಟ್ಟಿತು. 2013ರ ಜುಲೈ 1ರಂದು ಗೂಗಲ್‌ನವರ ಫೀಡ್ ರೀಡರಾದ ಗೂಗಲ್ ರೀಡರ್ ಬಾಗಿಲು ಮುಚ್ಚಿತು. 2018ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ 64 ಬಂದಾಗ ಲೈವ್ ಬುಕ್‌ಮಾರ್ಕ್‌ಗಳೂ ಹೋದವು. ಬಳಸುವವರು ತೀರ ಕಡಿಮೆ, ನಿರ್ವಹಣೆಯ ಹೊರೆ ಹೆಚ್ಚು ಎಂಬುದು ಫೈರ್‌ಫಾಕ್ಸ್‌ನವರು ಕೊಟ್ಟ ಕಾರಣ. ಆದರೂ ಹೋಗುವ ಮೊದಲು ಚಂದಾಗಳ ಪಟ್ಟಿಯನ್ನು ಓಪಿಎಂಎಲ್ ಎಂಬ ಕಡತವಾಗಿ ಬಳಕೆದಾರರ ಡೆಸ್ಕ್‌ಟಾಪಿನ ಮೇಲೆ ಇಟ್ಟುಹೋದರು ಎನ್ನುವಾಗ ಮೇಷ್ಟ್ರ ಗಂಟಲು ಸ್ವಲ್ಪ ಕಟ್ಟಿತು. ಆ ಕಡತ ಅವರ ಬಳಿ ಈಗಲೂ ಇದೆ.

ಹಿಂದೆ ಒಪೆರಾ ಬ್ರೌಸರಿನಲ್ಲೂ ಇ-ಮೇಲ್ ಮತ್ತು ಫೀಡುಗಳು ಒಟ್ಟಿಗೇ ಇದ್ದವು. ಒಪೆರಾದ ಸ್ಥಾಪಕರಲ್ಲಿ ಒಬ್ಬರಾದ ಯಾನ್ ಫಾನ್ ಟೆಟ್ಸ್‌ನರ್ ಅವರೇ ವಿವಾಲ್ಡಿಯನ್ನೂ ಕಟ್ಟಿದ್ದರಿಂದ, 2021ರಲ್ಲಿ ಅದೇ ಜೋಡಿ ಅಲ್ಲಿ ಮರಳಿ ಕಾಣಿಸಿದ್ದು ಆಶ್ಚರ್ಯವಲ್ಲ.

ಇಷ್ಟೂ ಹೊತ್ತು ಸುಮ್ಮನಿದ್ದ ಔಷಧಿ ಅಂಗಡಿಯವರು ಆಗ ತಮ್ಮ ಅಳಲನ್ನು ತೋಡಿಕೊಂಡರು. ಮೇಡಂ ಅವರ ಮಾತನ್ನು ಕೇಳಿ ಅವರು ಹಿಂದೆಯೇ ಇದನ್ನು ಆರಂಭಿಸಿದ್ದರಂತೆ. ಆದರೆ ಕೈಗೆ ಸಿಕ್ಕಿದ ಎಲ್ಲ ಪತ್ರಿಕೆಗಳಿಗೂ ಚಂದಾದಾರರಾದ ಪರಿಣಾಮವಾಗಿ, ಒಂದೇ ಅಪಘಾತವು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಸಂಜೆಯವರೆಗೂ ಸಂಭವಿಸುತ್ತಲೇ ಇರುತ್ತದೆ, ಓದದ ಸುದ್ದಿಗಳ ಸಂಖ್ಯೆ ನಾಲ್ಕಂಕಿಗೆ ಏರಿದೆ, ರಾತ್ರಿ ಅಂಗಡಿಯ ಬಾಗಿಲು ಹಾಕುವಾಗ ಆ ಸಂಖ್ಯೆಯೇ ಕಣ್ಣ ಮುಂದೆ ಬರುತ್ತದೆ.

"ಎಲ್ಲವನ್ನೂ ಓದಿದೆ ಎಂದು ಗುರುತು ಹಾಕುವ ಸೌಲಭ್ಯವಿದೆಯಲ್ಲ" ಎಂದರು ಮೇಡಂ.

"ಓದದೆಯೇ ಓದಿದೆ ಎಂದು ಘೋಷಿಸುವುದೇ? ಅದು ಸುಳ್ಳು ಪ್ರಮಾಣಪತ್ರವಾಗುತ್ತದೆ" ಎಂದು ವಕೀಲರು ಎಚ್ಚರಿಸಿದರು.

"ನಾನು ಎಷ್ಟೋ ಉತ್ತರಪತ್ರಿಕೆಗಳಿಗೆ..." ಎಂದು ಆರಂಭಿಸಿದ ಮೇಷ್ಟ್ರು ಮಾತನ್ನು ಅಲ್ಲಿಗೇ ನುಂಗಿಕೊಂಡರು.

ನನ್ನ ಅಭಿಪ್ರಾಯದಲ್ಲಿ ದಿನಪತ್ರಿಕೆಗಳಿಗೆ ಫೀಡ್ ರೀಡರಿನ ಅಗತ್ಯವೇ ಇಲ್ಲ. ಅವು ಹೇಗೂ ನಮ್ಮನ್ನು ಬಿಡುವುದಿಲ್ಲ. ಅದರ ನಿಜವಾದ ಉಪಯೋಗವಿರುವುದು ಹಾಸನಾಂಬೆಯ ಗುಡಿಯಂತೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ತಾಣಗಳಿಗೆ. ಗುಡಿ ತೆರೆಯುವ ದಿನವನ್ನು ಜಿಲ್ಲಾಡಳಿತ ಮೊದಲೇ ಪ್ರಕಟಿಸುತ್ತದೆ, ಆದರೆ ಎಂದೋ ಒಮ್ಮೆ ಬರೆಯುವ ಬ್ಲಾಗಿಗನ ಮನಸ್ಸು ಯಾವಾಗ ತೆರೆಯುತ್ತದೆ ಎಂದು ಯಾರೂ ಪ್ರಕಟಿಸುವುದಿಲ್ಲ. ಹೀಗಾಗಿ ನಮ್ಮ ಪರವಾಗಿ ದಿನವೂ ಹೋಗಿ ಬಾಗಿಲು ತಟ್ಟಿ ಬರುವವರೊಬ್ಬರು ಬೇಕು. ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿ ಬರೆದವರ ಫೀಡು ತಾನಾಗಿಯೇ ಸಿದ್ಧವಾಗುವುದರಿಂದ, ಹಕ್ಕಿಗಳ ಬಗ್ಗೆಯೋ ಹಳೆಯ ಶಾಸನಗಳ ಬಗ್ಗೆಯೋ ಬರೆದು ಮೌನವಾದ ಕನ್ನಡಿಗರ ಬಾಗಿಲನ್ನೂ ತಟ್ಟಬಹುದು. ಯೂಟ್ಯೂಬ್ ವಾಹಿನಿಗಳಿಗೂ ಫೀಡ್ ಇರುವುದರಿಂದ, ಅಲ್ಲಿನ ಶಿಫಾರಸುಗಳ ಸಂತೆಯನ್ನು ಹೊಗದೆಯೇ ಬೇಕಾದವರ ಹೊಸ ವೀಡಿಯೊ ಬಂದುದನ್ನು ತಿಳಿಯಬಹುದು.

ಮೇಡಂ ಇದನ್ನು ಒಪ್ಪಿದರೂ ಒಂದು ತಕರಾರನ್ನು ಸೇರಿಸಿದರು: ಕೆಲವು ತಾಣಗಳು ಫೀಡಿನಲ್ಲಿ ಎರಡು ಸಾಲನ್ನಷ್ಟೇ ಇಟ್ಟು, ಉಳಿದುದನ್ನು ಜಾಹೀರಾತುಗಳ ನಡುವೆ ಬಂದು ಓದಿ ಎನ್ನುತ್ತವೆ. ಅದಕ್ಕೆ ಬ್ರೌಸರು ಏನೂ ಮಾಡಲಾರದು.

ಔಷಧಿ ಅಂಗಡಿಯವರು ಪತ್ರಿಕೆಗಳನ್ನೆಲ್ಲ ಅಲ್ಲಿಯೇ ತೆಗೆದುಹಾಕಿಸಿದರು. ಪ್ಲಾಂಟರಿಗೆ ಮೇಡಂ ತಮ್ಮದೇ ಪಟ್ಟಿಯ ಓಪಿಎಂಎಲ್ ಕಡತವನ್ನು ಕೊಡಲು ಸಿದ್ಧರಾದರು. ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದ ಪ್ಲಾಂಟರು ಒಂದು ಹೆಸರಿನ ಬಳಿ ನಿಂತು, "ಇದು ನಮ್ಮ ವಕೀಲರದ್ದಲ್ಲವೇ?" ಎಂದರು. ಜನಸಾಮಾನ್ಯರಿಗೆ ಕಾನೂನನ್ನು ಕನ್ನಡದಲ್ಲಿ ತಿಳಿಸುವುದಾಗಿ ಸಾರಿ ವಕೀಲರು ಆರಂಭಿಸಿದ್ದ ಬ್ಲಾಗು ಅದು. ಪಹಣಿ ತಿದ್ದುಪಡಿಯ ಕುರಿತ ಲೇಖನದ ಮೊದಲ ಭಾಗ ಬಂದ ಮೇಲೆ ಅಲ್ಲಿ ಏನೂ ಬಂದಿರಲಿಲ್ಲ.

"ಎರಡನೆಯ ಭಾಗಕ್ಕೆ ನಾನು ಕಾಯುತ್ತಲೇ ಇದ್ದೇನೆ; ಗಂಟೆಗೊಮ್ಮೆ ಹೋಗಿ ಕೇಳುವಂತೆ ಬ್ರೌಸರಿಗೆ ಹೇಳಿದ್ದೇನೆ" ಎಂದು ಮೇಡಂ ಯಾವ ವ್ಯಂಗ್ಯವೂ ಇಲ್ಲದೆ ಹೇಳಿದರು.

ವಕೀಲರು ಅಭ್ಯಾಸಬಲದಿಂದ ಎದ್ದು ನಿಂತು, ಮುಂದಿನ ವಾರದವರೆಗೆ ವಾಯಿದೆ ಕೇಳಿದರು. ಮೇಡಂ ವಾಯಿದೆಯನ್ನು ದಯಪಾಲಿಸಿ, ಆ ಬ್ಲಾಗಿನ ಮುಂದಿದ್ದ ಗಂಟೆಯ ಅವಧಿಯನ್ನು ಅಳಿಸಿ ದಿನಕ್ಕೊಮ್ಮೆ ಎಂದು ಬದಲಾಯಿಸಿದರು.