‘ಅಪ್ಪ’ ಎಂಬ ಪದ ಕೊರಿಯನ್ನಿನಲ್ಲೂ ಇರುವುದೇಕೆ?

ಪ್ರಶ್ನೆ
ನಾವು ತಂದೆಯನ್ನು ‘ಅಪ್ಪ’ ಎನ್ನುತ್ತೇವೆ. ಕೊರಿಯನ್ ಮಕ್ಕಳು ‘ಆಪ್ಪಾ’ ಎನ್ನುತ್ತಾರೆ, ಅರಾಮಿಕ್ ಭಾಷೆಯಲ್ಲಿ ‘ಅಬ್ಬಾ’ ಎಂದಿದೆ. ಈ ಮೂರೂ ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದವು ಎಂದು ಓದಿದ್ದೇನೆ. ಹಾಗಾದರೆ ಇದು ಎರವಲೋ, ಅಥವಾ ದ್ರಾವಿಡಕ್ಕೂ ಕೊರಿಯನ್ನಿಗೂ ಹಳೆಯ ನಂಟೇನಾದರೂ ಇದೆಯೋ?

ಉತ್ತರ 1
ನಂಟಿದೆಯೆಂದು ವಾದಿಸಿದವರಿದ್ದಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ 1905ರಲ್ಲಿಯೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣಗಳನ್ನು ಹೋಲಿಸಿ ಪುಸ್ತಕ ಪ್ರಕಟಿಸಿದರು. ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಅದೇನೇ ಇರಲಿ, ಆ ವಾದಕ್ಕೆ ‘ಅಪ್ಪ’ನನ್ನು ಸಾಕ್ಷಿಗೆ ಕರೆಯುವುದಂತೂ ಸಲ್ಲದು. ತುಟಿ ಮುಚ್ಚಿ ತೆರೆದರೆ ಪ, ಬ, ಮ ಹುಟ್ಟುತ್ತವೆ. ತೊದಲುವ ಕೂಸಿಗೆ ಇವು ಸುಲಭ, ಆ ತೊದಲು ತಮ್ಮನ್ನೇ ಕರೆದದ್ದೆಂದು ಹೆತ್ತವರು ಹಿಗ್ಗುತ್ತಾರೆ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಕಲೆಹಾಕಿದ, ತಾಯಿತಂದೆಯರನ್ನು ಸೂಚಿಸುವ 1072 ಪದಗಳನ್ನು ಆಧರಿಸಿ ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಇದನ್ನು ವಿವರಿಸಿದ್ದಾರೆ: ಮೊಲೆಯುಣ್ಣುವ ಮಗುವಿನ ಬಾಯಿ ತುಂಬಿರುವಾಗ ಹೊರಡಬಲ್ಲದ್ದು ಮೂಗಿನ ದನಿಯೊಂದೇ ಆದ್ದರಿಂದ ಮಕಾರವು ಹೆಚ್ಚಾಗಿ ತಾಯಿಯ ಪಾಲಿಗೆ ಬಂತು ಎಂಬುದು ಅವರ ವಾದ. ‘ಹೆಚ್ಚಾಗಿ’ ಎಂದೆ, ಏಕೆಂದರೆ ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೆದಾ’ ಎಂದರೆ ತಾಯಿ. ಚೀನಿಯರಿಗೆ ‘ಮಾಮಾ’ ತಾಯಿ, ನಮಗೋ ಸೋದರಮಾವ.

ಉತ್ತರ 2
ಜಪಾನಿ ಭಾಷೆಯಲ್ಲಿ ತಾಯಿಗೆ ‘ಹಹಾ’ ಎನ್ನುವುದು ಮೇಲ್ನೋಟಕ್ಕೆ ಇದಕ್ಕೆ ಅಪವಾದದಂತಿದೆ. ಆದರೆ ಅಲ್ಲಿನ ಹಕಾರ ಹಿಂದೆ ಪಕಾರವಾಗಿತ್ತು, ಅಂದರೆ ಮೂಲರೂಪ ‘ಪಪಾ’. ಹಳಗನ್ನಡದ ‘ಪಾಲ್’, ‘ಪುಲಿ’, ‘ಪೆಸರ್’ ಇಂದು ಹಾಲು, ಹುಲಿ, ಹೆಸರು ಆಗಿರುವುದನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಪದದ ಮೊದಲಲ್ಲಿ ಬರುವ ತಮಿಳಿನ ಪಕಾರಕ್ಕೆ ಎದುರಾಗಿ ಕನ್ನಡದಲ್ಲಿ ಪದದಿಂದ ಪದಕ್ಕೆ ತಪ್ಪದೆ ಹಕಾರ ಬರುವ ಇಂತಹ ಕ್ರಮಬದ್ಧತೆಯೇ ರಕ್ತಸಂಬಂಧದ ಗುರುತು. ಒಂದೆರಡು ಪದಗಳ ಹೋಲಿಕೆಯಲ್ಲ.

ಪ್ರಶ್ನೆ ಕೇಳಿದವರು
ಕೂಸಿನ ತೊದಲಿಗೆ ಈ ವಿವರಣೆ ಒಪ್ಪುತ್ತದೆ. ಆದರೆ ಬೇರೆ ಬಗೆಯ ಪದಗಳು ಹೀಗೆ ಹೊಂದಿಕೊಂಡರೆ?

ಉತ್ತರ 1
ಅದು ಬರಿಯ ಕಾಕತಾಳೀಯವಾಗಿರಬಹುದು. ಆಸ್ಟ್ರೇಲಿಯದ ಮೂಲನಿವಾಸಿಗಳ ಮ್ಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಇಂಗ್ಲಿಷಿನಿಂದ ಬಂದದ್ದೆಂದು ಯಾರಾದರೂ ಆಣೆಯಿಟ್ಟು ಹೇಳಿಯಾರು! ಆದರೆ ನೆರೆಯ ಯಿಡಿನ್ ಭಾಷೆಯಲ್ಲಿ ನಾಯಿಗೆ ‘ಗುಡಗ’ ಎಂಬ ಪದವಿದೆ. ಮ್ಬಬರಮ್‌ನಲ್ಲಿ ಇಂತಹ ಪದಗಳ ಮೊದಲಕ್ಷರ ಉದುರಿ ನಡುವಿನ ಅಕಾರ ಒಕಾರವಾಗುವುದು ನಿಯಮವೆಂದು ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ ತೋರಿಸಿದ್ದಾರೆ. ಇಂಗ್ಲಿಷಿನ ‘ಡಾಗ್’ ಆದರೋ ಆ ಭಾಷೆಯ ಪ್ರಾಚೀನ ರೂಪದಲ್ಲಿದ್ದ ‘ದೊಗ್ಗ’ದಿಂದ ಬಂದದ್ದು.