ಎಂಎಸ್‌ಐ ಟೆಸ್ಟ್: ಪೆಥಾಲಜಿ ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತು ನಮ್ಮ ಪೆಥಾಲಜಿಸ್ಟ್ ಮೇಡಂ ಇದ್ದಾರೆ. ಕರುಳಿನ ಕ್ಯಾನ್ಸರ್ ಗಡ್ಡೆಗೆ ಮಾಡುವ ಎಂಎಸ್‌ಐ ಟೆಸ್ಟ್ (ಗಡ್ಡೆಯ ಡಿಎನ್‌ಎಯಲ್ಲಿ ನಕಲಿನ ತಪ್ಪುಗಳು ತಿದ್ದದೆ ಉಳಿದಿವೆಯಾ ಅಂತ ನೋಡುವುದು) ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ತುಮಕೂರಿನಿಂದ: ಮೇಡಂ, ಇದನ್ನು ರಕ್ತದಲ್ಲೇ ಮಾಡಬಹುದಾ?

ಡಾಕ್ಟರ್: ಗಡ್ಡೆಯ ತುಂಡಿನಲ್ಲಿ ಮಾಡಿಸಿ. ಅದು ಸಿಗದಿದ್ದರೆ ಮಾತ್ರ ರಕ್ತದ ಯೋಚನೆ.

ದಾವಣಗೆರೆಯಿಂದ: ಅಪ್ಪಾಜಿಗೆ ಎಂಎಸ್‌ಎಸ್ ಅಂತ ಬಂದಿದೆ. ಕೆಟ್ಟದ್ದಾ?

ಡಾಕ್ಟರ್: ಹೆದರಬೇಡಿ. ಎಂಎಸ್‌ಎಸ್ ಅಂದರೆ ಗಡ್ಡೆಯಲ್ಲಿ ಎಂಎಸ್‌ಐ ಇಲ್ಲ ಅಂತ. ಹೆಚ್ಚಿನವರಿಗೆ ಅದೇ ಬರುತ್ತದೆ. ಚಿಕಿತ್ಸೆ ದಾರಿ ಬೇರೆ, ಅಷ್ಟೇ.

ಹಾಸನದಿಂದ: ಅಣ್ಣನಿಗೆ 38. ದೊಡ್ಡ ಕರುಳಿನ ಬಲಭಾಗ ತೆಗೆದಿದ್ದಾರೆ. ರಿಪೋರ್ಟಿನಲ್ಲಿ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಅನ್ನುವ ನಾಲ್ಕು ಪ್ರೋಟೀನೂ 'ಲಾಸ್' (ಗಡ್ಡೆಯಲ್ಲಿ ಇಲ್ಲ) ಅಂತಿದೆ. ಅಮ್ಮ 46ಕ್ಕೆ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಲಿವರ್‌ಗೂ ಹರಡಿದೆ, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಔಷಧಿ) ಕೊಡಬಹುದು ಅನ್ನುತ್ತಿದ್ದಾರೆ. ಶುರು ಮಾಡೋಣವಾ?

ಡಾಕ್ಟರ್: ಸ್ವಲ್ಪ ನಿಲ್ಲಿ. ಗಡ್ಡೆಯ ತುಂಡು ಲ್ಯಾಬ್‌ಗೆ ಹೇಗೆ ಹೋಯಿತು?

ಹಾಸನದಿಂದ: ಶನಿವಾರ ಆಪರೇಷನ್. ಡಬ್ಬಿ ನಮ್ಮ ಕೈಗೇ ಕೊಟ್ಟರು. ಲ್ಯಾಬ್ ಬಾಗಿಲು ಹಾಕಿತ್ತು. ಸೋಮವಾರ ಕೊಟ್ಟೆ. ಕರುಳು ಡಬ್ಬಿ ತುಂಬ ಇತ್ತು, ತುಂಡು ಕೆಡದಂತೆ ಹಾಕುವ ಫಾರ್ಮಲಿನ್ ದ್ರವ ತಳದಲ್ಲಿ ಎರಡು ಬೆರಳಷ್ಟು.

ಡಾಕ್ಟರ್: ನನಗೆ ಭಯವಿದ್ದದ್ದು ಇದೇ. ಜೀವಕೋಶ ಒಡೆದು ಎರಡಾಗುವ ಮುಂಚೆ ಡಿಎನ್‌ಎ ನಕಲಾಗುತ್ತದೆ. ಆಗ ಆಗುವ ತಪ್ಪು ತಿದ್ದುವುದು ಈ ನಾಲ್ಕು ಪ್ರೋಟೀನು. ಇವು ಇಲ್ಲದಿದ್ದರೆ ತಪ್ಪು ಹಾಗೇ ಉಳಿಯುತ್ತದೆ, ಅದೇ ಎಂಎಸ್‌ಐ. ಇವು ಜೋಡಿಯಾಗಿರುತ್ತವೆ. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಹೋಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಹೋಗುತ್ತದೆ. ನಾಲ್ಕೂ ಒಟ್ಟಿಗೆ ಹೋಗುವುದು ತೀರಾ ಅಪರೂಪ.

ಈ ಪ್ರೋಟೀನಿಗೆ ಬಣ್ಣ ಹಾಕಿದ ಸ್ಲೈಡ್ ನೋಡುವಾಗ ನಾನು ಮೊದಲು ಗಡ್ಡೆ ನೋಡುವುದಿಲ್ಲ. ಪಕ್ಕದಲ್ಲಿರುವ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ನೋಡುತ್ತೇನೆ. ಅವು ಅಣ್ಣನ ಒಳ್ಳೆಯ ಜೀವಕೋಶ, ಅವುಗಳ ಒಳಗಿನ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ಬರಲೇಬೇಕು. ಅವೂ ಬಣ್ಣ ಹಿಡಿದಿಲ್ಲ ಅಂದರೆ ಟೆಸ್ಟೇ ಆಗಿಲ್ಲ ಎಂದರ್ಥ, 'ಲಾಸ್' ಅಲ್ಲ. ಫಾರ್ಮಲಿನ್ ಕಡಿಮೆ ಇದ್ದರೆ ತುಂಡಿನ ಒಳಗೆ ಇಳಿಯುವುದೇ ಇಲ್ಲ, ಒಳಭಾಗ ಕೆಡುತ್ತದೆ. ಆ ಒಳ್ಳೆಯ ಜೀವಕೋಶಕ್ಕೇ ಇಂಟರ್ನಲ್ ಕಂಟ್ರೋಲ್ ಅನ್ನುವುದು. 'ಇಂಟರ್ನಲ್ ಕಂಟ್ರೋಲ್ ಬಣ್ಣ ಬಂದಿತ್ತಾ?' ಅಂತ ಲ್ಯಾಬಿನಲ್ಲಿ ಕೇಳಿ.

ಆಪರೇಷನ್‌ಗೆ ಮುಂಚೆ ಕೊಲೊನೋಸ್ಕೋಪಿಯಲ್ಲಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟಾಗ) ಚಿಕ್ಕ ತುಂಡು ತೆಗೆದಿರುತ್ತಾರಲ್ಲ, ಅದನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್ ಹುಡುಕಿಸಿ. ಚಿಕ್ಕದು ಬೇಗ ನೆನೆಯುತ್ತದೆ, ಚೆನ್ನಾಗಿ ಉಳಿದಿರುತ್ತದೆ. ಅದರಲ್ಲೇ ಮತ್ತೆ ಮಾಡಿಸಿ, ಜೊತೆಗೆ ಪಿಸಿಆರ್ (ಡಿಎನ್‌ಎಯನ್ನೇ ನೋಡುವ ಟೆಸ್ಟ್) ಕೂಡ. ಪಿಸಿಆರ್‌ನಲ್ಲಿ ಡಿಎನ್‌ಎಯ ಬಿಎಟಿ-26ರಂಥ ಐದು ಜಾಗ ನೋಡುತ್ತಾರೆ. ಬಿಎಟಿ-26ರಲ್ಲಿ 'ಎ' ಅಕ್ಷರ 26 ಸಲ ಸಾಲಾಗಿರುತ್ತದೆ. ಗಡ್ಡೆಯಲ್ಲಿ ಆ ಸಾಲಿನ ಉದ್ದ ಬದಲಾಗಿದೆಯಾ ಅಂತ ಅಳೆಯುವುದು. ಐದರಲ್ಲಿ ಎರಡೋ ಜಾಸ್ತಿಯೋ ಬದಲಾಗಿದ್ದರೆ ಎಂಎಸ್‌ಐ-ಹೈ.

2017ರಲ್ಲಿ ಅಮೆರಿಕದ ಎಫ್‌ಡಿಎ ಪೆಂಬ್ರೊಲಿಜುಮಾಬ್ ಅನ್ನುವ ಇಮ್ಯುನೋಥೆರಪಿ ಔಷಧಿಗೆ ಒಪ್ಪಿಗೆ ಕೊಟ್ಟಿದ್ದು ಗಡ್ಡೆ ಯಾವ ಅಂಗದ್ದು ಅಂತ ನೋಡಿ ಅಲ್ಲ, ಈ ಟೆಸ್ಟ್ ನೋಡಿ. ಟೆಸ್ಟೇ ತಪ್ಪಾದರೆ ಅಣ್ಣನಿಗೆ ಕೆಲಸಕ್ಕೆ ಬಾರದ ಔಷಧಿ ಹೋಗುತ್ತದೆ, ಕೀಮೋ ತಡವಾಗುತ್ತದೆ. ಆಂಕಾಲಜಿಸ್ಟ್‌ಗೆ ಇವತ್ತೇ ಹೇಳಿ.

ಬೆಂಗಳೂರಿನಿಂದ: ಲಕ್ಷ್ಮಣ ಫಲದ ಎಲೆ ಕಷಾಯ 21 ದಿನ ಕೊಡಿ. ಕೀಮೋಗಿಂತ 10,000 ಪಟ್ಟು ಶಕ್ತಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಈ ಮೆಸೇಜ್ ನನಗೆ ಎಷ್ಟು ಸಲ ಬಂದಿದೆಯೋ. ಅದು ಪ್ರಯೋಗಶಾಲೆಯ ತಟ್ಟೆಯಲ್ಲಿ ಜೀವಕೋಶದ ಮೇಲೆ ನೋಡಿದ ಮಾತು, ಮನುಷ್ಯರ ಮೇಲೆ ಅಲ್ಲ. ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಜಾಸ್ತಿ ಬಳಸಿದವರಲ್ಲಿ ಪಾರ್ಕಿನ್ಸನ್ ತರಹದ ನರದ ಕಾಯಿಲೆ ಕಂಡಿದ್ದಾರೆ. ಕೀಮೋ ನಡೆಯುವಾಗ ಕಷಾಯ ಕುಡಿಸಬೇಡಿ.

ಬೆಂಗಳೂರಿನಿಂದ: ಲ್ಯಾಬ್‌ಗೆ ಕಮಿಷನ್ ಬೇಕಲ್ಲ, ಅದಕ್ಕೇ ಮತ್ತೆ ಟೆಸ್ಟ್.

ಶಿವಮೊಗ್ಗದಿಂದ: ಬಾಯಿ ಬಿಗಿ ಹಿಡಿದು ಮಾತಾಡಿ. ನಮ್ಮಕ್ಕ ಇಂಥದ್ದೇ ಕಷಾಯ ನಂಬಿ ನಾಲ್ಕು ತಿಂಗಳು ಕಳೆದಳು. ಆಮೇಲೆ ಆಪರೇಷನ್‌ಗೂ ಆಗಲಿಲ್ಲ.

ಬೆಂಗಳೂರಿನಿಂದ: ಸರಿಯಾಗಿ ಕುಡಿಸಿರಲ್ಲ.

ಶಿವಮೊಗ್ಗದಿಂದ: ಸತ್ತವಳ ಬಗ್ಗೆ ಹೀಗೆ ಮಾತಾಡೋಕೆ ನೀವ್ಯಾರ್ರೀ?

ಮೈಸೂರಿನಿಂದ: ಟೆಸ್ಟ್‌ಗೆ ಎಷ್ಟಾಗುತ್ತದೆ ಮೇಡಂ?

ಅಡ್ಮಿನ್: ಕಷಾಯದ ಮಾತು ಇಲ್ಲಿಗೆ ಸಾಕು. ಇನ್ನೊಂದು ಮೆಸೇಜ್ ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ಬಳ್ಳಾರಿಯಿಂದ: ರಕ್ತದಲ್ಲಿ ಆಗುತ್ತಾ?

ಡಾಕ್ಟರ್: ಮೇಲೆ ಓದಿ.

ಹಾಸನದಿಂದ: ಮೇಡಂ, ಲ್ಯಾಬ್‌ಗೆ ಫೋನ್ ಮಾಡಿದೆ. ಕಂಟ್ರೋಲ್ ಕೂಡ ಬಣ್ಣ ಬಂದಿರಲಿಲ್ಲವಂತೆ. ಕೊಲೊನೋಸ್ಕೋಪಿ ಬ್ಲಾಕ್ ಸಿಕ್ಕಿದೆ. ನನಗೂ ಚೆಕ್ ಮಾಡಿಸಬೇಕಾ? ನನಗೆ 34.

ಡಾಕ್ಟರ್: ಒಳ್ಳೆ ಕೆಲಸ ಮಾಡಿದಿರಿ. ಬ್ಲಾಕ್ ಕೊರಿಯರ್ ಬೇಡ, ಕೈಯಲ್ಲೇ ತೆಗೆದುಕೊಂಡು ಹೋಗಿ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಇಡಬೇಡಿ, ಅದು ಮೇಣ, ಕರಗಬಹುದು. ಅಮ್ಮನದ್ದೂ ಸೇರಿಸಿ ನೋಡಿದರೆ ಲಿಂಚ್ ಸಿಂಡ್ರೋಮ್ (ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ದೋಷ) ಇರಬಹುದು ಅನ್ನಿಸುತ್ತದೆ. ಅಣ್ಣನಿಗೆ ಜೆನೆಟಿಕ್ ಟೆಸ್ಟ್ ಮಾಡಿಸಿ, ಇದು ರಕ್ತದಲ್ಲೇ ಆಗುತ್ತದೆ. ಅವರಲ್ಲಿ ದೋಷ ಸಿಕ್ಕರೆ ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕಾಗುತ್ತದೆ. ಹೊಸ ರಿಪೋರ್ಟ್ ಬಂದ ದಿನ ನನಗೇ ಕಳಿಸಿ, ಗುಂಪಿನಲ್ಲಿ ಬೇಡ.